ಬಾಸಿಲಿಯಾಳ ಗೊಂಬೆರೊಟ್ಟಿ

ಬೊಲಿವಿಯಾದ ಆ ಬೆಟ್ಟದೂರಿನಲ್ಲಿ ಸತ್ತವರ ಹಬ್ಬಕ್ಕೆ ಮನುಷ್ಯರ ಆಕಾರದ ಗೊಂಬೆರೊಟ್ಟಿ ಬೇಯಿಸುತ್ತಾರೆ. ಸತ್ತು ಮೂರು ವರ್ಷವಾದ ಮೇಲೆ ಅದನ್ನೂ ನಿಲ್ಲಿಸಿ, ಹೋದವರನ್ನು ಪೂರ್ತಿ ಕಳುಹಿಸಿಕೊಡುತ್ತಾರೆ. ರೊಟ್ಟಿ ಮಾರಿಯೇ ಮುದುಕಿಯಾದ ಸಾತುರ್ನಿನಾ ಮಾತ್ರ, ಚಿಕ್ಕಂದಿನಲ್ಲೇ ಜ್ವರದಿಂದ ಸತ್ತ ಗೆಳತಿ ಬಾಸಿಲಿಯಾಳ ಗೊಂಬೆಯನ್ನು ಪ್ರತಿವರ್ಷ ಮಾಡುತ್ತಿದ್ದಳು.

“ಅವಳನ್ನ ಹೋಗಕ್ಕೆ ಬಿಡೇ ಅಕ್ಕ! ಹೊರೆ ಹೊರೋ ಲಾಮಾಗೆ ಹಗ್ಗ ಹಾಕ್ದಂಗೆ ಹಿಡ್ಕೊಂಡಿದೀಯಲ್ಲ,” ಎಂದು, ಈ ಸಲವೂ ಅವಳು ಹಿಟ್ಟಿನಲ್ಲಿ ಆ ಗೊಂಬೆ ತಿದ್ದುತ್ತಿರುವುದನ್ನು ಕಂಡು ತಂಗಿ ಎಲ್ವಿರಾ ಗದರಿದಳು.

“ಅವರಮ್ಮನೂ ಹೋದ್ಲು. ನಾನೂ ಬಿಟ್ರೆ ಅವಳನ್ನ ನೆನೆಯೋರು ಯಾರೇ?”

“ನಿಂಗೆ ಹಲ್ಲೇ ಉದುರೋಯ್ತು, ಅವಳಿನ್ನೂ ಪುಟ್ಟ ಹುಡುಗಿ! ನಾಳೆ ನೀನು ಅಲ್ಲಿಗೆ ಹೋದ್ರೆ, ಯಾವುದಿದು ಮುದುಕಿ ಅಂತಾಳೆ.”

ಸಾತುರ್ನಿನಾ ಕಡ್ಡಿಯೊಂದನ್ನು ತೆಗೆದುಕೊಂಡು ಗೊಂಬೆಯ ಹಿಟ್ಟಿನ ಕೆನ್ನೆಗಳ ಮೇಲೆ ಸುಕ್ಕು ಗೀರಿದಳು. ಹೆಬ್ಬೆರಳಿನಿಂದ ಬಾಯಿ ಒತ್ತಿ ಬೊಚ್ಚು ಮಾಡಿದಳು.

“ಈಗ ಇಬ್ರೂ ಒಂದೇ ವಾರಿಗೆ,” ಎಂದು ಗೊಂಬೆಯನ್ನು ಒಲೆಗಿಟ್ಟಳು.