ಸಾಕ್ಷಿ ಹಾಕಿದವರಿಗೆ ಲೇತ್ ಇಲ್ಲ

ನಾನು ಮಾಡುವ ಬಹಳಷ್ಟು ಕೆಲಸಗಳಂತೆ ಉಯಿಲನ್ನೂ ಹೆದರಿಕೊಂಡೇ ಬರೆದೆ. ಪೀಣ್ಯದ ನನ್ನ ಸಣ್ಣ ವರ್ಕ್‌ಶಾಪಿನ ಶಟರಿಗೆ ಬೀಗ ಹಾಕಿ, ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತಿ, ಹಾಕಿದೆನೋ ಇಲ್ಲವೋ ಎಂದು ವಾಪಸ್ ಬಂದು ಎಳೆದು ನೋಡುವವನು ನಾನು. ಇದುವರೆಗೆ ಒಂದು ದಿನವೂ ಅದು ತೆರೆದಿರಲಿಲ್ಲ. ಅದರಿಂದ ನನಗೆ ಯಾವ ಸಮಾಧಾನವೂ ಸಿಕ್ಕಿಲ್ಲ.

ಒಂದು ಭಾನುವಾರ ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಪಾದ್ರಿ ಅಯ್ಯನವರು ಐವತ್ತು ದಾಟಿದವರನ್ನು ಮಾತ್ರ ಕೂರಿಸಿಕೊಂಡರು. ಕೈಯಲ್ಲಿರುವುದೆಲ್ಲ ದೇವರದು, ನಾವು ಅದರ ಮನೆವಾರ್ತೆ ನೋಡಿಕೊಳ್ಳುವವರು ಅಷ್ಟೇ, ಹೋಗುವ ಮುಂಚೆ ಯಾವುದು ಯಾರ ಕೈ ಸೇರಬೇಕೆಂದು ಹೇಳದೆ ಹೋದರೆ ಅದು ಕೊಟ್ಟ ಕೆಲಸವನ್ನು ಅರ್ಧಕ್ಕೆ ಬಿಟ್ಟಂತೆ ಎಂದರು. ಕೊನೆಗೆ ಉಯಿಲಿನ ಮಾದರಿಯ ಜೆರಾಕ್ಸ್ ಹಂಚಿದರು. ಪ್ರಾರ್ಥನೆ ಮಾಡಿ ಬರೆಯಬೇಕಂತೆ. ಮಾಡಿದೆ. ಕಣ್ಣು ಮುಚ್ಚಿದ ಕೂಡಲೇ ಗ್ಯಾಸ್ ಆಫ್ ಮಾಡಿದ್ದೆನೋ ಇಲ್ಲವೋ ಎಂಬುದು ನೆನಪಾಯಿತು.

ಮನೆ ಹೆಂಡತಿಗೆ. ವರ್ಕ್‌ಶಾಪು, ಅದರೊಳಗಿನ ಕಂಪ್ಯೂಟರಿನಿಂದ ನಡೆಯುವ ಎರಡು ಮಿಷನ್ನು ಮಗಳಿಗೆ. ಬ್ಯಾಂಕಿನಲ್ಲಿ ಉಳಿದದ್ದರಲ್ಲಿ ಹತ್ತನೇ ಒಂದು ಪಾಲು ಸಭೆಗೆ. ಇಲ್ಲಿಯವರೆಗೆ ಪೆನ್ನು ಸರಾಗವಾಗಿ ಓಡಿತು. ಉಳಿದದ್ದು ಕಬ್ಬಿಣ ಕಡೆಯುವ, ಅಪ್ಪನ ಕಾಲದ ಲೇತ್.

ಆ ಲೇತ್ ಮೇಲೆ ಇಪ್ಪತ್ತಾರು ವರ್ಷದಿಂದ ಕೆಲಸ ಮಾಡುತ್ತಿರುವವರು ನಮ್ಮ ಟರ್ನರ್. ಮಾದನಾಯಕನಹಳ್ಳಿಯ ಹಳೇ ಮನೆತನದವರು. ನನಗಿಂತ ನಾಲ್ಕು ವರ್ಷ ದೊಡ್ಡವರು. ಕೈಯಲ್ಲಿ ಹಿಡಿಕೆ ತಿರುಗಿಸಿ ನಡೆಸುವ ಲೇತ್ ಈಗ ಯಾರಿಗೂ ಬೇಡ, ಆ ವಯಸ್ಸಿನ ಟರ್ನರೂ ಬೇಡ. ಮಗಳು ನರ್ಸಿಂಗ್ ಓದುತ್ತಿದ್ದಾಳೆ. ನಾನು ಹೋದ ಮಾರನೇ ವಾರ ಅದನ್ನು ತೂಕಕ್ಕೆ ಗುಜರಿಗೆ ಹಾಕುವುದರಲ್ಲಿ ಅವಳಿಗೆ ತಪ್ಪೇನೂ ಕಾಣದು. ಅದೇ ಲೇತ್ ಟರ್ನರ ಮನೆಯ ಹಿಂದಿನ ಶೆಡ್ಡಿನಲ್ಲಿದ್ದರೆ ಅವರು ಪಂಪಿನ ಶಾಫ್ಟು, ಬುಷ್ಷು ರಿಪೇರಿ ಮಾಡಿಕೊಂಡು ಯಾರ ಹಂಗಿಲ್ಲದೆ ಇರಬಹುದು. ಐದನೇ ಪ್ಯಾರಾದಲ್ಲಿ ಲೇತನ್ನು ಅವರ ಹೆಸರಿಗೆ ಬರೆದೆ.

ಸಾಕ್ಷಿಗೆ ಇಬ್ಬರು ಬೇಕಿತ್ತು. ಊಟದ ಕ್ಯಾರಿಯರ್ ತಂದ ಹೆಂಡತಿಯ ಮುಂದೆ ಕಾಗದ ಇಟ್ಟೆ.

"ಏನ್ರೀ ಇದು?"

"ವಿಲ್ಲು. ಸೈನ್ ಹಾಕು."

"ಡಾಕ್ಟ್ರು ಏನಾದ್ರೂ ಹೇಳಿದ್ರಾ?"

"ಇಲ್ಲ."

"ಹಂಗಾದ್ರೆ ನೀವೇ ಏನೋ ಹೇಳ್ಕೊಂಡಿದೀರ," ಎಂದು ಸೈನ್ ಹಾಕಿ ಸಾರಿನ ಡಬ್ಬಿ ಬಿಚ್ಚಿದಳು.

ಎರಡನೆಯ ಸಾಕ್ಷಿ ಟರ್ನರ್. ನಮ್ಮಲ್ಲಿ ಬಾಡಿಗೆ ಕರಾರಿಗಾಗಲಿ, ವಿಮೆ ಅರ್ಜಿಗಾಗಲಿ ಸಾಕ್ಷಿ ಎಂದರೆ ಅವರೇ. ಬೇರೆ ಯಾರೂ ನನಗೆ ಹೊಳೆಯಲೇ ಇಲ್ಲ. "ಎಲ್ಲಾಕ್ಬೇಕು ಸಾರ್?" ಎಂದರು. ಐದನೇ ಪ್ಯಾರಾ ಮೇಲೆ ಅಂಗೈ ಇಟ್ಟು ಕೆಳಗೆ ತೋರಿಸಿದೆ. ಎದುರಿಗೇ ಓದಿಬಿಟ್ಟರೆ ಯಾವ ಮುಖ ಮಾಡಿಕೊಂಡು ಕೂರಬೇಕು ಎಂಬ ಸಂಕೋಚ.

ನಮ್ಮ ಗಾಯನ ಮಂಡಳಿಯಲ್ಲಿ ಒಬ್ಬರು ಹಿರಿಯ ವಕೀಲರಿದ್ದಾರೆ. ಮುಂದಿನ ಭಾನುವಾರ ಅವರಿಗೆ ತೋರಿಸಿದೆ. ಕನ್ನಡಕ ಹಣೆಗೇರಿಸಿ ಓದಿದರು.

"'ಒಂದು ವೇಳೆ ನಾನು ಸತ್ತರೆ' ಅಂತ ಬರ್ದಿದೀರಲ್ಲ, ಆ 'ಒಂದು ವೇಳೆ' ತೆಗೀರಿ."

"ಆಯ್ತು."

"ಸಾಕ್ಷಿ ಯಾರ್ಯಾರು?"

"ನಮ್ಮ ಮನೆಯವರು. ಇನ್ನೊಬ್ರು ನಮ್ಮ ಟರ್ನರು."

"ಇಬ್ರಿಗೂ ಏನೂ ಸಿಗಲ್ಲ."

ನನಗೆ ಅರ್ಥವಾಗಲಿಲ್ಲ. ಅವರು ಹವಾಮಾನ ಹೇಳುವ ದನಿಯಲ್ಲೇ ಮುಂದುವರಿಸಿದರು. "ನಮ್ಮ ಕ್ರೈಸ್ತರಿಗೆ ಕಾನೂನು ಹಾಗಿದೆ ಕಣ್ರೀ. ಸಾಕ್ಷಿ ಹಾಕಿದವ್ರ ಹೆಸ್ರಿಗೆ ಬರ್ದಿದ್ದು ಬಿದ್ದೋಗುತ್ತೆ. ವಿಲ್ಲು ನಿಲ್ಲುತ್ತೆ, ಅವ್ರ ಪಾಲು ನಿಲ್ಲಲ್ಲ. ಸಭೆಗೆ ಬರ್ದಿದೀರಲ್ಲ, ಅದು ಗಟ್ಟಿ. ಚೆನ್ನಾಗಿ ಬರ್ದಿದೀರ."

ಐವತ್ತೆರಡರ ವಯಸ್ಸಿನವರೆಗೂ ಬೀಗ ಎಳೆದು ನೋಡಿದವನು ಹೆಂಡತಿಯ ಮನೆಯನ್ನೂ ಟರ್ನರ ಲೇತನ್ನೂ ಅವರವರ ಕೈಯಿಂದಲೇ ಸೈನ್ ಹಾಕಿಸಿ ತಪ್ಪಿಸಿದ್ದೆ.

ಹೊಸ ಉಯಿಲು ಟೈಪ್ ಮಾಡಿಸಿದೆ. ಈ ಸಲ ಸಾಕ್ಷಿಗೆ ಪಕ್ಕದ ಶೆಡ್ಡಿನ ದಾವಣಗೆರೆಯ ಯಜಮಾನರನ್ನೂ ಅವರ ಸೂಪರ್‌ವೈಸರನ್ನೂ ಕ್ಯಾಬಿನ್ನಿಗೆ ಕರೆದೆ. ಯಜಮಾನರು ಬಂದು ಕೂತು, ಚಹಾ ಕುಡಿದು, ಪೆನ್ನಿನ ಕ್ಯಾಪ್ ತೆಗೆಯುವಷ್ಟರಲ್ಲಿ ಗಾಜಿನಾಚೆ ಲೇತಿನ ಸದ್ದು ನಿಂತಿತು. ಟರ್ನರ್ ಬಾಗಿಲಲ್ಲಿದ್ದರು.

"ಏನ್ ಸಾರ್, ನನ್ ಸೈನು ನಡ್ಯಾಕಿಲ್ವಾ?"

"ಹಂಗಲ್ಲ, ಕಾನೂನಿನಲ್ಲಿ..."

"ಇಪ್ಪತ್ತಾರು ವರ್ಷ ನಡೀತು. ಇವಾಗ ಪಕ್ಕದ್ ಶೆಡ್ಡೋರು ಬಂದ್ರಾ? ಆಗ್ಲಿ ಬುಡಿ."

ಕಾರಣ ಹೇಳಬೇಕಾದರೆ ಲೇತಿನ ವಿಷಯ ಹೇಳಬೇಕು. ಹೇಳದಿದ್ದರೆ ಇವರು ನಾಳೆ ಬರುವುದೇ ಅನುಮಾನ. ಬೇಜಾರಾದರೆ ಮಾತಾಡದೆ ಊಟದ ಚೀಲ ಎತ್ತಿಕೊಂಡು ಹೋಗುವ ಜಾತಿ ಅವರದು. ಅಪ್ಪನ ಕಾಲದಲ್ಲಿ ಒಮ್ಮೆ ಹಾಗೆ ಹೋದಾಗ, ಅಪ್ಪನೇ ಅವರ ಮನೆಗೆ ಹೋಗಿ ಕರೆತಂದಿದ್ದರು. ಚೀಲ ಆಗಲೇ ಅವರ ಹೆಗಲಲ್ಲಿತ್ತು.

"ಆ ಲೇತ್ ನಿಮ್ಗೆ ಬರ್ದಿದೀನಿ," ಅಂದೆ. "ತಗೊಳ್ಳೋರು ಸಾಕ್ಷಿ ಹಾಕೋ ಹಂಗಿಲ್ಲ. ಅದಕ್ಕೇ."

ಅವರು ಲೇತ್ ಕಡೆ ನೋಡಿದರು, ನನ್ನ ಕಡೆ ನೋಡಿದರು. "ನೀವು ಓದ್ಮೇಲೆ?"

"ಹೋದ್ಮೇಲೆ."

"ಅಲ್ಲೀಗಂಟ ನಾನಿರ್ಬೇಕಲ್ಲ ಸಾರ್. ನಿಮ್ಗಿಂತ ದೊಡ್ಡೋನು ನಾನು."

ಈ ಒಂದು ಚಿಂತೆ ನನ್ನ ತಲೆಗೆ ಬಂದಿರಲೇ ಇಲ್ಲ. ದಾವಣಗೆರೆಯ ಯಜಮಾನರು, "ಖರೆ ಮಾತು ನೋಡ್ರಿ," ಎಂದು ಪೆನ್ನಿನ ಕ್ಯಾಪ್ ಹಾಕಿದರು.

ಕೈಯಲ್ಲಿರುವುದು ಮೊದಲಿಂದಲೂ ನನ್ನದಲ್ಲ ಎಂದು ಅಯ್ಯನವರು ಹೇಳಿದ್ದನ್ನು ಒಪ್ಪಿಕೊಂಡೇ ಬರೆಯಲು ಕೂತವನು, ಲೇತನ್ನು ಸಾಯುವ ತನಕ ಹಿಡಿದುಕೊಂಡಿರಲು ಹೊರಟಿದ್ದೆ. ಐದನೇ ಪ್ಯಾರಾ ಹೊಡೆದುಹಾಕಿದೆ. ಲೆಟರ್‌ಹೆಡ್ಡಿನಲ್ಲಿ, ಈ ಲೇತ್ ಇವತ್ತಿನಿಂದ ಇವರದು ಎಂದು ಬರೆದುಕೊಟ್ಟೆ. ಉಯಿಲನ್ನು ಮತ್ತೆ ಟೈಪ್ ಮಾಡಿಸಿ ಮಧ್ಯಾಹ್ನ ತಂದಾಗ ಟರ್ನರ್ ಮೊದಲ ಸಲ ಪೂರ್ತಿ ಓದಿದರು.

"ನನ್ನೆಸ್ರು ಎಲ್ಲೂ ಇಲ್ವಲ್ಲ?"

"ಇಲ್ಲ."

ಸಾಕ್ಷಿಯ ಜಾಗದಲ್ಲಿ ಯಜಮಾನರು ಆಗಲೇ ಹಾಕಿದ್ದ ಸೈನಿನ ಮೇಲ್ಗಡೆ, ದೊಡ್ಡದಾಗಿ, ಟರ್ನರ್ ತಮ್ಮದನ್ನು ಹಾಕಿದರು. ಆಮೇಲೆ ಗೇಟಿನ ಕಡೆ ನೋಡಿದರು. ನಮ್ಮ ಕಾಂಪೌಂಡಿನಿಂದ ಒಂದು ಬೋಲ್ಟು ಹೊರಗೆ ಹೋಗಬೇಕಾದರೂ ಮಾಲೀಕನ ಸೈನಿರುವ ಗೇಟ್ ಪಾಸ್ ಬೇಕು. ಇಲ್ಲದಿದ್ದರೆ ವಾಚ್‌ಮನ್ ಲಾರಿ ಬಿಡುವುದಿಲ್ಲ.

"ಸಾರ್, ಒಂದು ಗೇಟ್ ಪಾಸೂ ಬರ್ದ್‌ಬುಡಿ. ನೀವಿಲ್ದಾಗ ಯಾರ್ ಕೊಡ್ತಾರೆ?"

ಪುಸ್ತಕ ತೆಗೆದು, ಲೇತ್ ಒಂದು, ವಾಪಸ್ ಬರುವುದಿಲ್ಲ ಎಂದು ಬರೆದೆ. ತಾರೀಕು ಹಾಕಲು ಹೋದಾಗ ಅವರು ಕೈ ಅಡ್ಡ ಇಟ್ಟರು.

"ಅದು ಖಾಲಿ ಇರ್ಲಿ. ಅರ್ಜೆಂಟೇನಿಲ್ಲ," ಎಂದು ಪಾಸನ್ನು ಮಡಿಸಿ ಜೇಬಿಗಿಟ್ಟುಕೊಂಡು, ಹೋಗಿ ಲೇತ್ ಸ್ವಿಚ್ ಹಾಕಿದರು.