ಎರಡು ತಾಲ್ಲೂಕಿನ ಬಾಣಂತಿ

ನನ್ನ ತಂಗಿಯ ಹೆರಿಗೆ ಎರಡು ತಾಲ್ಲೂಕುಗಳ ಲೆಕ್ಕದಲ್ಲೂ ಸೇರಿತ್ತು. ಗಂಡನ ಮನೆ ಶಿಕಾರಿಪುರದ ಕಡೆ, ಅಂಜನಾಪುರದ ಹತ್ತಿರ. ಬಸುರಿಯರಿಗೆ ಸರ್ಕಾರ ಕೊಡುವ ‘ತಾಯಿ ಕಾರ್ಡ್’ ಮಾಡಿಸಿದ್ದು ಅಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು, ಸೀಮಂತ ಮುಗಿಸಿ ಸೊರಬ ತಾಲ್ಲೂಕಿನ ಕುಪ್ಪಗಡ್ಡೆಗೆ ಕರೆತಂದೆವು. ಸೊರಬದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಎರಡೂ ಊರಿನ ಆಶಾ ಕಾರ್ಯಕರ್ತೆಯರು ಫೋನಿನಲ್ಲಿ ಮಗುವಿನ ತೂಕ ಕೇಳಿ, ಸುರಕ್ಷಿತ ಹೆರಿಗೆ ಎಂದು ಬರೆದುಕೊಂಡರು.

ಆಸ್ಪತ್ರೆಯಿಂದ ಹೊರಡುವಾಗಲೇ ಅವಳು ನಡುಗುತ್ತಿದ್ದಳು. ಹೇಳಿದೆವು. ಹಾಲು ಕಟ್ಟಿದರೆ ಹಾಗಾಗುತ್ತದೆ ಎಂದು ಮಾತ್ರೆ ಕೊಟ್ಟು ಕಳಿಸಿದರು. ಮನೆಯಲ್ಲಿ ಜ್ವರ ಏರಿತು. ಬಾಯಿ ಒಣಗಿ, ಒಂದು ಮಧ್ಯಾಹ್ನ ಮಜ್ಜಿಗೆ ಕೇಳಿದಳು. ಬಾಣಂತಿಗೆ ತಂಪು ಕೊಡಬಾರದೆಂದು ಊರಿಗೆಲ್ಲ ಪಾಠ ಹೇಳುವ ಅಮ್ಮ, ಮಗಳ ಮುಖ ನೋಡಲಾರದೆ ಅರ್ಧ ಲೋಟ ಕೊಟ್ಟಳು. ಮರುದಿನ ಆಂಬ್ಯುಲೆನ್ಸ್ ಅಂಗಳಕ್ಕೆ ಬರುವಷ್ಟರಲ್ಲಿ ತಂಗಿ ಹೋಗಿಬಿಟ್ಟಿದ್ದಳು.

ಮಣ್ಣು ಮಾಡಿದ್ದು ಗಂಡನ ಊರಿನಲ್ಲಿ. ಅಲ್ಲಿ ಎಲ್ಲರ ಎದುರು ತಂಗಿಯ ಅತ್ತೆ ಅಮ್ಮನಿಗೆ ಹೇಳಿದರು: “ಕೈಯಾರೆ ಮಜ್ಜಿಗೆ ಕುಡ್ಸಿ ಕಳಿಸಿದ್ರಲ್ರೀ.” ಅಷ್ಟು ಸಂಕಟದಲ್ಲೂ ‘ರೀ’ ಬಿಟ್ಟಿರಲಿಲ್ಲ. ಮಗು ಅಲ್ಲೇ ಉಳಿಯಿತು. ಆ ದಿನದಿಂದ ಅಮ್ಮ ಮೊಮ್ಮಗಳನ್ನು ನೋಡಲು ಹೋಗಲೇ ಇಲ್ಲ.

ಮರಣದ ದಾಖಲೆಯಲ್ಲಿ ಸಾವಿನ ಕಾರಣ ‘ಜ್ವರ’ ಎಂದು ಬರೆದಿದ್ದರು. ಬಾಣಂತಿ ಎಂಬ ಮಾತೇ ಇರಲಿಲ್ಲ. ಹೆರಿಗೆಯ ಸಾವೆಂದು ಬರೆದರೆ ಯಾರಾದರೂ ಬಂದು ವಿಚಾರಿಸಲೇಬೇಕು. ಜ್ವರಕ್ಕೆ ಆ ಗೋಜಿಲ್ಲ. ತಪ್ಪು ಮಜ್ಜಿಗೆಯದಲ್ಲ ಎಂದು ವಿಚಾರಿಸಿದವರ ಬಾಯಿಂದಲೇ ಬರಲಿ ಎಂಬುದಷ್ಟೇ ನನ್ನ ಆಸೆ.

ಸೊರಬದ ಆರೋಗ್ಯ ಕಚೇರಿಯಲ್ಲಿ ಕೇಳಿದೆ. “ಕಾರ್ಡು ಶಿಕಾರಿಪುರದ್ದು ಕಣಮ್ಮ, ನಮಗೆ ಬರಲ್ಲ,” ಎಂದರು. ಶಿಕಾರಿಪುರದಲ್ಲಿ ಕುರ್ಚಿ ಕೊಟ್ಟು ಕೂರಿಸಿದರು. “ಜೀವ ಹೋಗಿದ್ದು ಸೊರಬದಾಗ ಅಲ್ವೇನ್ರಿ? ಈ ವರ್ಷ ನಮ್ಮಲ್ಲಿ ಒಬ್ಬ ತಾಯೀನೂ ಸತ್ತಿಲ್ಲ ನೋಡ್ರಿ.” ಹಾಗೆ ಹೇಳಿದವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ಹೆರಿಗೆಯನ್ನು ಮಾತ್ರ ಎರಡೂ ಕಡೆ ಯಾಕೆ ಬರೆದುಕೊಂಡಿರಿ ಎಂದೆ.

“ಅದು ಒಳ್ಳೇ ಸುದ್ದಿ ಅಲ್ವೇನ್ರಿ!”

ಜಿಲ್ಲಾ ಕಚೇರಿಗೆ ಅರ್ಜಿ ಹಾಕಿ ತಿಂಗಳುಗಳಾದ ಮೇಲೆ ಒಂದು ಜೀಪು ಬಂತು. ಡಾಕ್ಟರಮ್ಮ ಒಬ್ಬರು ಜಗಲಿಯಲ್ಲಿ ಕೂತು ಅಮ್ಮನನ್ನು ಮೊದಲಿನಿಂದ ಕೇಳುತ್ತ ಹೋದರು. ನಡುಕ ಯಾವಾಗಿನಿಂದ, ಹೊಟ್ಟೆ ನೋವಿತ್ತೇ, ಬಟ್ಟೆ ವಾಸನೆ ಬರುತ್ತಿತ್ತೇ. ಅಮ್ಮ ನಡುವೆಯೇ ತಡೆದಳು.

“ಅದೆಲ್ಲ ಬಿಡಿ. ಮಜ್ಜಿಗೆ ಕೊಟ್ಟೋಳು ನಾನೇ. ಬರ್ಕೊಳ್ಳಿ.”

“ಮಜ್ಜಿಗೆಗೆ ಯಾರೂ ಸಾಯಲ್ಲಮ್ಮ. ನೀವು ಹೇಳಿದ್ದು ನೋಡಿದ್ರೆ ಗರ್ಭಕೋಶಕ್ಕೆ ನಂಜಾಗಿದೆ. ಆ ನಡುಕ ನೋಡಿ ಮನೆಗೆ ಬಿಡಬಾರದಿತ್ತು. ಹೆರಿಗೆಯ ಸಾವು ಅಂತಲೇ ಬರೀತೀನಿ.”

ಅಮ್ಮ ನನ್ನ ಕಡೆ ತಿರುಗಿದಳು. ಇದೇ ಮಾತನ್ನು ನಾನು ಎಷ್ಟೋ ಸಲ ಹೇಳಿದ್ದೆ. ಆದರೆ ನಾನು ಜೀಪಿನಲ್ಲಿ ಬಂದವಳಲ್ಲ.

“ಯಾವ ತಾಲ್ಲೂಕಿಗೆ ಬರೀತೀರಿ?” ಎಂದು ಕೇಳಿದೆ.

“ಅದನ್ನ ಮೇಲಿನವರು ತೀರ್ಮಾನ ಮಾಡ್ತಾರೆ,” ಎಂದು ಡಾಕ್ಟರಮ್ಮ ಎದ್ದರು. “ಈಗ ಗಂಡನ ಮನೆಯವರನ್ನೂ ಕೇಳಬೇಕು. ಅಂಜನಾಪುರದ ಕಡೆ ಹೊರಟಿದೀವಿ.”

“ಮಜ್ಜಿಗೆಯಿಂದ ಅಲ್ಲ ಅನ್ನೋದನ್ನ ಅಲ್ಲೂ ಹೇಳ್ತೀರಾ?” ಅಮ್ಮ ಕೇಳಿದಳು.

“ಕೇಳಿದ್ರೆ ಹೇಳ್ತೀನಿ.”

“ಕೇಳೋಕೆ ನಾನಿದೀನಲ್ಲ,” ಎಂದ ಅಮ್ಮ ಸೆರಗು ಸರಿಮಾಡಿಕೊಂಡು, ಯಾರೂ ಕರೆಯದೆ ಹೋಗಿ ಜೀಪಿನ ಹಿಂದಿನ ಸೀಟಿನಲ್ಲಿ ಕೂತಳು.