ಬೆಳ್ಳಿಯ ಬೆಕ್ಕು

ಬಂಗುಡೆಯ ಕಿವಿರು ಕಿತ್ತು, ಕರುಳನ್ನು ಬಾಳೆಲೆಯ ಚೂರಿಗೆ ಹಾಕುತ್ತಿದ್ದೆ. ಮಗಳು ಫೋನು ಹಿಡಿದುಕೊಂಡೇ ಹಿತ್ತಿಲಿಗೆ ಬಂದಳು. "ಅಮ್ಮ, ಆಚೆ ಮನೆಯ ಅಕ್ಕ ತೀರಿಹೋದ್ರಂತೆ. ಕಾರಡ್ಕದಲ್ಲಿ, ತಮ್ಮನ ಮನೆಯಲ್ಲಿ." ಕೈಯಲ್ಲಿ ಮೀನಿನ ವಾಸನೆ. ಆ ವಾಸನೆಗೆ ಗೋಡೆ ಹಾರಿ ಬರುತ್ತಿದ್ದ ಅವರ ಕೆಂಚು ಬೆಕ್ಕು ಮೊದಲು ನೆನಪಾಯಿತು, ಆಮೇಲೆ ಅಕ್ಕ...

ಮೊಗ್ರಾಲಿನಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಒಂದು ಗಿಡ್ಡ ಗೋಡೆ. ಕೊರೊನಾ ಎರಡನೆಯ ಸಲ ಬಂದಾಗ ಅಕ್ಕನ ಗಂಡನಿಗೆ ಬರೆದ ಇಂಜೆಕ್ಷನ್ ಮಂಗಳೂರಿನವರೆಗೆ ಹುಡುಕಿದರೂ ಸಿಗಲಿಲ್ಲ. ಅವರು ಹೋದರು. ಅವರು ಸಾಕಿದ ಬೆಕ್ಕು ಉಳಿಯಿತು. ಚಾವಡಿಯ ಮೂಲೆಯಲ್ಲಿದ್ದ ಅವರ ಮೀನಿನ ಬಲೆಯ ಮೇಲೆಯೇ ಮಲಗುತ್ತಿತ್ತು.

ಕೆಲವು ವರ್ಷ ಕಳೆದು ಬೆಕ್ಕಿನ ಹೊಟ್ಟೆಯಲ್ಲಿ ನೀರು ತುಂಬಿತು. ಕಾಸರಗೋಡಿನ ಪ್ರಾಣಿ ಡಾಕ್ಟರಮ್ಮನ ಬಳಿಗೆ ನಾನೂ ಹೋಗಿದ್ದೆ. ಅದು ಬೆಕ್ಕುಗಳಿಗೆ ಬರುವ ಬೇರೆ ಕೊರೊನಾ ಅಂತೆ, ಮನುಷ್ಯರಿಗೆ ಅಂಟುವುದಿಲ್ಲವಂತೆ. ಆದರೆ ಮನುಷ್ಯರಿಗೆಂದು ತಂದ ಆ ಇಂಜೆಕ್ಷನ್ನಿನ ಜಾತಿಯದ್ದೇ ಮಾತ್ರೆ ಇದಕ್ಕೂ ಹಿಡಿಯುತ್ತದಂತೆ.

"ಅಂದು ಇವರಿಗೆ ಸಿಗದ್ದು ಈಗ ಬೆಕ್ಕಿಗೆ ಸಿಗ್ತದಾ ಡಾಕ್ಟ್ರೇ?" ಎಂದರು ಅಕ್ಕ.

ಡಾಕ್ಟರಮ್ಮ ಬೆಕ್ಕಿನ ರಕ್ತ ತೆಗೆಯುತ್ತಾ ಹೇಳಿದರು: "ರಕ್ತದ ಬಿಳಿ ಕಣಗಳು ಮೈಯ ಕಾವಲುಗಾರರು. ಈ ರೋಗ ಅವರೊಳಗೇ ಅಡಗಿ ಕೂರ್ತದೆ. ಮದ್ದು ಅದನ್ನು ತಡೆದರೆ ಕಾವಲು ಪುನಃ ಬಲಿಯುತ್ತದೆ. ಹೊಟ್ಟೆ ಇಳಿಯಿತು ಅಂತ ನಿಲ್ಲಿಸಬೇಡಿ. ರಕ್ತ ನೋಡಿ ನಾನೇ ಹೇಳ್ತೇನೆ."

ಮನೆಯಲ್ಲಿ ಅಕ್ಕನ ಅತ್ತೆ ಬೆಕ್ಕನ್ನು ನೋಡಿ ಮುಖ ತಿರುಗಿಸಿದರು. "ನನ್ನ ಮಗನಿಗಿಲ್ಲದ ಮದ್ದು ಪುಚ್ಚೆಗೆ!"

ಬೆಕ್ಕು ಎದ್ದರೆ ಬೆಳ್ಳಿಯ ಬೆಕ್ಕು ಒಪ್ಪಿಸುತ್ತೇನೆಂದು ಅಕ್ಕ ದೈವಕ್ಕೆ ಹರಕೆ ಹೇಳಿಕೊಂಡಿದ್ದರು. ಕಣ್ಣು ನೋವಿಗೆ ಬೆಳ್ಳಿಯ ಕಣ್ಣು, ದನದ ಕಾಯಿಲೆಗೆ ಬೆಳ್ಳಿಯ ದನ ಒಪ್ಪಿಸುವುದು ನಮ್ಮಲ್ಲಿ ಉಂಟು. ಬೆಳ್ಳಿ ಕೆಲಸದ ಪತ್ತಾರರ ಬಳಿ ಬೆಕ್ಕಿನ ಅಚ್ಚು ಇರಲಿಲ್ಲ. ಹುಲಿಯ ಅಚ್ಚಿನಲ್ಲೇ ಮಾಡಿ, ಪಟ್ಟೆಗಳನ್ನು ಅರದಲ್ಲಿ ಉಜ್ಜಿ ಕೊಟ್ಟರು. "ಬಾಲ ಮಾತ್ರ ಹುಲಿಯದ್ದೇ ಮಾರಾಯ್ತಿ!" ಎಂದು ಅಕ್ಕ ನಕ್ಕರು. ಗಂಡ ಹೋದ ಮೇಲೆ ನಾನು ಕಂಡ ನಗು ಅದೊಂದೇ...

ಮಾತ್ರೆ ಶುರುವಾಗಿ ಕೆಲವು ವಾರದಲ್ಲಿ ಹೊಟ್ಟೆ ಇಳಿದಿತ್ತು. ಬೆಕ್ಕು ಗೋಡೆ ಹಾರತೊಡಗಿತ್ತು. ಬಿಳಿ ಕಣಗಳು ಏರಿವೆ, ಆದರೆ ಸಾಲದು ಎಂದಿದ್ದರು ಡಾಕ್ಟರಮ್ಮ. ಹರಕೆ ಒಪ್ಪಿಸಿ ಬಂದ ಸಂಜೆ ಅಕ್ಕ ಮೀನಿನ ತುಂಡಿನೊಳಗೆ ಮಾತ್ರೆ ಇಡುತ್ತಿದ್ದಾಗ ಅತ್ತೆ ಕೇಳಿದರು: "ಒಪ್ಪಿಸಿದ ಮೇಲೂ ಮದ್ದಾ? ದೈವದ ಮೇಲೆ ಸಂಶಯವಾ ನಿನಗೆ?"

ಅಂದಿಗೆ ಮದ್ದು ನಿಂತಿತು.

"ಆ ಡಾಕ್ಟ್ರನ್ನು ತೋರಿಸಿದ್ದೂ ದೈವವೇ ಅಲ್ವಾ ಅಕ್ಕ?" ಎಂದೆ ಗೋಡೆಯ ಈಚೆಯಿಂದ.

"ಮಗನನ್ನು ಕಳಕೊಂಡವರು ಅವರು. ಎದುರು ಎಂತ ಹೇಳ್ಲಿ ನಾನು?"

ಮಳೆ ಹಿಡಿಯುವ ಮೊದಲೇ ಹೊಟ್ಟೆ ಪುನಃ ಊದಿತು. ಮತ್ತೆ ಮಾತ್ರೆ ಕೊಟ್ಟರು, ಈ ಸಲ ಕಾವಲು ಏಳಲಿಲ್ಲ. ಬೆಕ್ಕು ಬಲೆಯ ಮೇಲೆಯೇ ಸತ್ತಿತು. ಬಲೆಯ ಒಂದು ತುಂಡು ಕತ್ತರಿಸಿ, ಅದರಲ್ಲೇ ಸುತ್ತಿ, ತೆಂಗಿನ ಬುಡದಲ್ಲಿ ಹುಗಿದರು. "ದೈವಕ್ಕೆ ಬೆಳ್ಳಿ ಕೊಟ್ಟೆ. ಬೆಕ್ಕಿಗೆ ಮಾತ್ರೆ ಪೂರ್ತಿ ಕೊಡ್ಲಿಲ್ಲ," ಎಂದರು ಅಕ್ಕ. ಅತ್ತೆ ತೀರಿಕೊಂಡ ಮೇಲೆ ಮನೆಗೆ ಬೀಗ ಹಾಕಿ ತಮ್ಮನಲ್ಲಿಗೆ ಹೋದರು. ಮತ್ತೆ ಈ ಕಡೆ ಬರಲಿಲ್ಲ.

ದೈವವನ್ನು ನಾನು ದೂರುವುದಿಲ್ಲ. ಇಷ್ಟಾದರೂ ಕೊಟ್ಟಿತಲ್ಲ ಎಂದು ಎಣಿಸುವುದು ನನ್ನ ಅಭ್ಯಾಸ. ಬೆಕ್ಕು ಕೆಲವು ವಾರ ಹೊಟ್ಟೆ ತುಂಬ ತಿಂದಿತು. ಅಕ್ಕ ಒಮ್ಮೆ ನಕ್ಕರು. ಅಲ್ಲಿಗೆ ಎಣಿಕೆ ಮುಗಿಯುತ್ತದೆ... ಹುಲಿಬಾಲದ ಬೆಳ್ಳಿಯ ಬೆಕ್ಕು ಮಾತ್ರ ದೈವದ ಸ್ಥಾನದಲ್ಲಿ ಈಗಲೂ ಉಂಟು.

ಬಾಳೆಲೆಯ ಮೇಲಿನ ಕರುಳಿಗೆ ಕಾಗೆ ಬಂದಿತ್ತು. ಓಡಿಸಲಿಲ್ಲ. ಬಂಗುಡೆ ತೊಳೆದು ಉಪ್ಪು ಹಚ್ಚಿಟ್ಟು, ಮೆಣಸು ಕಡೆಯಲು ಒಳಗೆ ಹೋದೆ.